ಬಿಳಿಸೆರಗನ್ನು ಕಣ್ಣಿಟ್ಟು ನೋಡಿದವರು

ಬಿಳಿಸೆರಗಿನ ಚರಿತ್ರೆ ಹೇಳುವವರು ಸಾಮಾನ್ಯವಾಗಿ ಔಷಧಿಗಳ ಸಾಲು ಹಿಡಿದು ಹೊರಡುತ್ತಾರೆ. ಮೊದಲು ಕಷಾಯ, ಆಮೇಲೆ ನೀಲಿ ಬಣ್ಣ, ಆಮೇಲೆ ರಾತ್ರಿ ಮಲಗುವಾಗ ಒಳಗಿಡುವ ಮಾತ್ರೆ, ಈಗ ನುಂಗುವ ಒಂದೇ ಗುಳಿಗೆ. ಮಲೆನಾಡಿನ ತಾಲ್ಲೂಕು ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೂತು ಕೂದಲು ಬೆಳ್ಳಗೆ ಮಾಡಿಕೊಂಡ ನನಗೆ ಈ ಚರಿತ್ರೆ ಬೇರೆ ಕಡೆಯಿಂದ ಕಾಣುತ್ತದೆ. ಔಷಧ ಸಿಕ್ಕಿ ಎಪ್ಪತ್ತು ವರ್ಷ ದಾಟಿತು. ಕೊರತೆ ಇರುವುದು ನೋಡುವವರದು. ಹೆಂಗಸಿನ ಮೈಯಿಂದ ಹೋಗುವ ಆ ಬಿಳುಪಿನ ಒಂದು ಹನಿಯನ್ನು ಗಾಜಿನ ಮೇಲಿಟ್ಟು ಇದು ಏನು ಎಂದು ವಿಚಾರಿಸಿದವರು ಈ ಇನ್ನೂರು ವರ್ಷದಲ್ಲಿ ಕೆಲವೇ ಮಂದಿ. ಅವರಲ್ಲಿ ನನಗೆ ಹತ್ತಿರದವರು ಅನ್ನಿಸಿದವರ ಬಗ್ಗೆ ಬರೆಯುತ್ತಿದ್ದೇನೆ.

ನಮ್ಮ ಕಡೆ ಯಾರೂ ಲ್ಯಾಬಿಗೆ ಬಂದು ಸೋಂಕು ಅನ್ನುವುದಿಲ್ಲ. ಚೀಟಿ ಮೇಜಿನ ಮೇಲಿಟ್ಟು, ಹಿಂದೆ ಗಂಡಸರು ನಿಂತಿಲ್ಲ ಎಂದು ಖಾತ್ರಿ ಮಾಡಿಕೊಂಡು, "ಬಿಳಿ ಹೋಗ್ತದೆ ಅಕ್ಕಾ" ಅನ್ನುತ್ತಾರೆ. ಕಾರಣವನ್ನೂ ಅವರೇ ಹೇಳುತ್ತಾರೆ: ಉಷ್ಣ. ಮಾವಿನಹಣ್ಣು ತಿಂದದ್ದು, ಒಲೆ ಮುಂದೆ ಕೂತದ್ದು, ಕಾಪರ್‌ ಟಿ ಹಾಕಿಸಿಕೊಂಡದ್ದು, ಆಪರೇಶನ್ ಆದದ್ದು ಎಲ್ಲವೂ ಉಷ್ಣದ ಲೆಕ್ಕಕ್ಕೇ ಜಮಾ. ಅದರ ಹಿಂದೆ ಇನ್ನೊಂದು ಹೆದರಿಕೆ: ಹೋಗುತ್ತಿರುವುದು ಮೈಯ ಸತ್ವ, ಎಲುಬು ಕರಗಿ ಹೋಗುತ್ತಿದೆ, ಅದಕ್ಕೇ ಸೊಂಟನೋವು, ಅದಕ್ಕೇ ಸುಸ್ತು. ಮದ್ದೂ ಅದಕ್ಕೆ ತಕ್ಕಂತೆ ತಂಪಿನದು. ಎಳನೀರು, ಜೀರಿಗೆ ನೀರು, ನೆನೆಸಿದ ಕಾಮಕಸ್ತೂರಿ ಬೀಜ, ಬಿಳಿ ದಾಸವಾಳ, ಅಕ್ಕಿ ತೊಳೆದ ಅಕ್ಕಚ್ಚು.

ಅಕ್ಕಚ್ಚು ಕುಡಿಯುವವರನ್ನು ಕಂಡು ನಗುವ ಹೊಸ ಡಾಕ್ಟರುಗಳಿಗೆ ನಾನು ಒಂದು ಮಾತು ಹೇಳುತ್ತಿದ್ದೆ. ಚರಕಸಂಹಿತೆಯ ಚಿಕಿತ್ಸಾಸ್ಥಾನದ 30ನೇ ಅಧ್ಯಾಯದಲ್ಲಿ ಸ್ತ್ರೀಯರ ಒಳ ಅಂಗದ ವ್ಯಾಧಿಗಳನ್ನು 20 ಎಂದು ಎಣಿಸಿ ಹೇಳಿದೆ. ಅಲ್ಲೇ ಬರುವ ಪುಷ್ಯಾನುಗ ಚೂರ್ಣವನ್ನು ಜೇನಿನಲ್ಲಿ ಕಲಸಿ ತಂಡುಲೋದಕದ ಜೊತೆ ಕೊಡಬೇಕು ಎಂದಿದೆ. ತಂಡುಲೋದಕ ಅಂದರೆ ನಮ್ಮ ಅಕ್ಕಿ ತೊಳೆದ ನೀರೇ. ಪುಸ್ತಕದ್ದು ಅಡುಗೆಮನೆಗೆ ಇಳಿಯಿತೋ, ಅಡುಗೆಮನೆಯದು ಪುಸ್ತಕಕ್ಕೆ ಏರಿತೋ, ನಾನು ಹೇಳಲಾರೆ. ಸಂಬಂಧವಂತೂ ಹಳೆಯದು.

ಅದೇ ಅಧ್ಯಾಯದಲ್ಲಿ ಲೋಳೆಯಾಗಿ, ತುರಿಕೆಯೊಡನೆ ಹೋಗುವ ಕಫದ ಬಗೆಯೊಂದನ್ನು ಹೇಳಿದೆ. ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ನೂರಾರು ಸ್ಲೈಡುಗಳು. 'ಅಚರಣಾ' ಎಂಬ ಇನ್ನೊಂದರಲ್ಲಿ, ತೊಳೆದುಕೊಳ್ಳದೆ ಇರುವುದರಿಂದ ಅಲ್ಲಿ ಜಂತುಗಳು ಹುಟ್ಟಿ ತುರಿಕೆ ತರುತ್ತವೆ ಎಂದಿದೆ. ಕಣ್ಣಿಗೆ ಕಾಣದ್ದನ್ನು ಜಂತು ಎಂದು ಊಹಿಸಿದ ಬುದ್ಧಿಗೆ ಕೈ ಮುಗಿಯಬೇಕು. ಆದರೆ ಅದೇ ಉಸಿರಿನಲ್ಲಿ, ಆ ತುರಿಕೆಯಿಂದಾಗಿ ಅವಳಿಗೆ ಗಂಡಸಿನ ಆಸೆ ಅತಿಯಾಗುತ್ತದೆ ಎಂದೂ ಬರೆದಿದ್ದಾರೆ. ತುರಿಕೆ ಅನುಭವಿಸಿದ ಒಬ್ಬ ಹೆಂಗಸನ್ನು ಕೇಳಿದ್ದರೂ ಸಾಕಿತ್ತು, ಆ ಸಾಲು ಉಳಿಯುತ್ತಿರಲಿಲ್ಲ. ರಾತ್ರಿಯಿಡೀ ಉರಿಯಲ್ಲಿ ನರಳುವವಳಿಗೆ ಗಂಡನ ಕೈ ಸೋಕಿದರೂ ಬೇಡ ಅನ್ನಿಸುತ್ತದೆ. ಕಾಯಿಲೆಯನ್ನು ಗುಣಕ್ಕೆ ಗಂಟು ಹಾಕುವ ಈ ಚಾಳಿ ಚರಕರ ಕಾಲಕ್ಕೆ ಮುಗಿಯಲಿಲ್ಲ. "ಎಲ್ಲಿಂದ ತಗೊಂಡು ಬಂದೆ?" ಎಂದು ಸೊಸೆಯನ್ನು ಕೇಳಿದ ಅತ್ತೆಯರು ನನ್ನ ಲ್ಯಾಬಿನ ಬಾಗಿಲಲ್ಲೂ ನಿಂತಿದ್ದರು. ಬೂಷ್ಟಿನ ಸೋಂಕು ಹೆಚ್ಚಾಗಿ ಯಾರಿಂದಲೂ ಬರುವುದಲ್ಲ, ಅವಳ ಮೈಯಲ್ಲೇ ಇರುವ ಯೀಸ್ಟ್ ಹದ ತಪ್ಪಿದಾಗ ಮಿತಿಮೀರಿ ಬೆಳೆಯುತ್ತದೆ ಎಂದು ಅವರಿಗೆ ತಿಳಿಸಿ ಹೇಳುವುದು ನನ್ನ ಡ್ಯೂಟಿ ಪಟ್ಟಿಯಲ್ಲಿ ಇರಲಿಲ್ಲ. ಆದರೂ ಹೇಳುತ್ತಿದ್ದೆ.

ಮೊದಲು ಗಾಜಿನ ಮೇಲಿಟ್ಟು ನೋಡಿದವರು ಪ್ಯಾರಿಸ್ಸಿನ ಆಲ್‌ಫ್ರೆಡ್ ಡೊನ್ನೆ. 1836ರಲ್ಲಿ ಅವರು ರೋಗಿಗಳ ಸ್ರಾವವನ್ನು ತಾಜಾ ಇರುವಾಗಲೇ ಮೈಕ್ರೋಸ್ಕೋಪಿನಡಿ ಇಟ್ಟರು. ಕೀವಿನ ಕಣಗಳ ನಡುವೆ ಬಾಲವಿರುವ ಜೀವಿಯೊಂದು ಓಡಾಡುತ್ತಿತ್ತು. ಅದೇ ಟ್ರೈಕೋಮೊನಾಸ್. ಮೈಕ್ರೋಸ್ಕೋಪನ್ನು ಆಟಿಕೆ ಎಂದು ವೈದ್ಯರೇ ಹಗುರಾಗಿ ಕಾಣುತ್ತಿದ್ದ ಕಾಲ ಅದು. ಡೊನ್ನೆ ಮುಂದೆ ಲಿಯಾನ್ ಫುಕೋ ಜೊತೆ ಸೇರಿ, ಆಗಷ್ಟೇ ಹುಟ್ಟಿದ್ದ ಫೋಟೋ ವಿದ್ಯೆಯಿಂದ ಮೈಕ್ರೋಸ್ಕೋಪಿನಲ್ಲಿ ಕಂಡದ್ದರ ಚಿತ್ರ ತೆಗೆದು 1845ರಲ್ಲಿ ಒಂದು ಅಟ್ಲಾಸನ್ನೇ ಪ್ರಕಟಿಸಿದರು.

ಟ್ರೈಕೋಮೊನಾಸನ್ನು ಜೀವಂತ ನೋಡಬೇಕಾದರೆ ಇವತ್ತಿಗೂ ಡೊನ್ನೆ ಮಾಡಿದ್ದನ್ನೇ ಮಾಡಬೇಕು. ಸ್ವಾಬಿನಲ್ಲಿ ತೆಗೆದದ್ದನ್ನು ಒಂದು ಹನಿ ಸಲೈನಿನಲ್ಲಿ ಕದಡಿ, ಕವರ್‌ಸ್ಲಿಪ್ ಮುಚ್ಚಿ, ತಕ್ಷಣ ನೋಡಬೇಕು. ಆಷಾಢದ ಚಳಿಯಲ್ಲಿ ಸಲೈನ್ ಬಾಟಲಿಯನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿಕೊಳ್ಳುತ್ತಿದ್ದೆ. ತಣ್ಣಗಾದರೆ ಜೀವಿ ನಿಂತುಬಿಡುತ್ತದೆ. ನಿಂತ ಮೇಲೆ ಅದಕ್ಕೂ ಕೀವಿನ ಕಣಕ್ಕೂ ವ್ಯತ್ಯಾಸ ಗೊತ್ತಾಗುವುದು ಕಷ್ಟ. ಕರೆಂಟು ಹೋದರೆ ಕನ್ನಡಿಯ ಮೈಕ್ರೋಸ್ಕೋಪನ್ನು ಕಿಟಕಿಗೆ ತಿರುಗಿಸಿ, ಕಂಡೆನ್ಸರ್ ಕೆಳಗಿಳಿಸಿ, ಬೆಳಕು ಕಡಿಮೆ ಮಾಡಿಕೊಂಡು ನೋಡುವುದು. ಸ್ತ್ರೀರೋಗ ವಿಭಾಗ ಇದ್ದದ್ದು ಕಟ್ಟಡದ ಆ ತುದಿಯಲ್ಲಿ, ನಾವು ಈ ತುದಿಯಲ್ಲಿ. ಸ್ವಾಬು ಹಿಡಿದುಕೊಂಡು ಆಯಾ ದಾರಿಯಲ್ಲಿ ನಿಂತು ಮಾತಾಡಿದರೆ ನನ್ನ ರಿಪೋರ್ಟು ಕೆಟ್ಟಿತೆಂದೇ ಲೆಕ್ಕ.

1892ರಲ್ಲಿ ಜರ್ಮನಿಯ ಆಲ್ಬರ್ಟ್ ಡೂಡರ್‌ಲೈನ್ ಪ್ರಕಟಿಸಿದ್ದು ಇನ್ನೂ ದೊಡ್ಡ ಸಂಗತಿ ಎಂದು ನನ್ನ ಎಣಿಕೆ. ಡೊನ್ನೆ ರೋಗದವರ ಸ್ರಾವ ನೋಡಿದರು. ಡೂಡರ್‌ಲೈನ್ ಆರೋಗ್ಯವಾಗಿರುವವರದನ್ನೂ ನೋಡಿದರು. ಅಲ್ಲಿ ಉದ್ದನೆಯ ಕಡ್ಡಿಯಂಥ ಬ್ಯಾಕ್ಟೀರಿಯಾ ತುಂಬಿದ್ದವು. ಅವು ಆಮ್ಲ ತಯಾರಿಸಿ ಕೆಡುಕಿನ ಸೂಕ್ಷ್ಮಜೀವಿಗಳನ್ನು ದೂರ ಇಡುತ್ತವೆ ಎಂದು ಅವರು ತೋರಿಸಿದರು. ಈಗ ಲ್ಯಾಕ್ಟೋಬ್ಯಾಸಿಲಸ್ ಅನ್ನುತ್ತೇವೆ, ಮೊಸರು ಹೆಪ್ಪುಗಟ್ಟಿಸುವ ಬಳಗದವೇ. ಹರೆಯದಿಂದ ಮುಟ್ಟು ನಿಲ್ಲುವವರೆಗೆ ಆ ಜಾಗದ ಪಿಎಚ್ 4.5ರ ಒಳಗಿದ್ದರೆ ಕ್ಷೇಮ. ಸ್ವಲ್ಪ ಬಿಳುಪು ಹೋಗುವುದು ಆರೋಗ್ಯದ ಗುರುತು, ತಿಂಗಳ ನಡುವೆ ಲೋಳೆ ಹೆಚ್ಚಾಗುವುದೂ ಸಹಜ, ಬಸುರಿಯಲ್ಲಿ ಇನ್ನೂ ಹೆಚ್ಚು. ಇದನ್ನು ಹೈಸ್ಕೂಲಿನಲ್ಲೇ ಹೇಳಿಕೊಟ್ಟಿದ್ದರೆ ನನ್ನ ಮೇಜಿಗೆ ಬರುತ್ತಿದ್ದ ಚೀಟಿಗಳಲ್ಲಿ ಎಷ್ಟೋ ಬರುತ್ತಲೇ ಇರಲಿಲ್ಲ. (ಬಳಗ ಒಂದೇ ಎಂದು ಮೊಸರು ಹಚ್ಚಿಕೊಂಡು ಬಂದವರೂ ಇದ್ದರು. ದಯವಿಟ್ಟು ಬೇಡ. ಊಟಕ್ಕೆ ಹಾಕಿಕೊಳ್ಳಿ.)

ಡೂಡರ್‌ಲೈನ್ ಹೇಳಿದ್ದನ್ನು ಪೇಟೆ ಕೇಳಿಸಿಕೊಳ್ಳಲಿಲ್ಲ. 1920-30ರ ದಶಕದ ಅಮೆರಿಕದಲ್ಲಿ ನೆಲ ತೊಳೆಯುವ ಲೈಸಾಲನ್ನು ನೀರಿಗೆ ಬೆರೆಸಿ ಒಳಗೆ ತೊಳೆದುಕೊಳ್ಳಿ, ಇಲ್ಲದಿದ್ದರೆ ಗಂಡ ದೂರವಾಗುತ್ತಾನೆ ಎಂದು ಹೆಂಗಸರ ಪತ್ರಿಕೆಗಳಲ್ಲಿ ಜಾಹೀರಾತು ಬರುತ್ತಿತ್ತು. ಒಳಗೆ ತೊಳೆದಷ್ಟೂ ಕಾಯುವ ಬ್ಯಾಕ್ಟೀರಿಯಾ ಕೊಚ್ಚಿ ಹೋಗುತ್ತದೆ, ಚರ್ಮ ಸುಡುತ್ತದೆ, ಸೋಂಕಿಗೆ ದಾರಿ ಸುಗಮ. ಇವತ್ತು ನಮ್ಮ ಟಿವಿಯಲ್ಲಿ ಘಮಘಮಿಸುವ ಬಾಟಲಿ ಹಿಡಿದು ನಗುವ ಹುಡುಗಿಯ ಹಿಂದೆ ಅದೇ ಹಳೆಯ ಹೆದರಿಕೆ ನಿಂತಿದೆ. ಹೊರಗೆ ಬರಿ ನೀರು ಸಾಕು. ಒಳಗೆ ಏನೂ ಬೇಡ.

ನೀಲಿ ಬಣ್ಣದ ವಿಷಯಕ್ಕೆ ಬಂದರೆ ನನಗೆ ಸ್ವಲ್ಪ ಪಕ್ಷಪಾತ. 1884ರಲ್ಲಿ ಹಾನ್ಸ್ ಕ್ರಿಶ್ಚಿಯನ್ ಗ್ರಾಮ್ ಕಂಡುಹಿಡಿದ, ಸೂಕ್ಷ್ಮಜೀವಿಗಳಿಗೆ ಬಣ್ಣ ಹಿಡಿಸುವ ಸ್ಟೇನಿನಲ್ಲಿ ಮೊದಲು ಹಾಕುವುದು ನೇರಳೆ ಬಣ್ಣ, ಜೆನ್ಷನ್ ವಯೊಲೆಟ್. ಆ ಬಣ್ಣ ಹಿಡಿದುಕೊಳ್ಳುವ ಸೂಕ್ಷ್ಮಜೀವಿಗಳ ಬೆಳವಣಿಗೆಯನ್ನೂ ಅದೇ ಬಣ್ಣ ತಡೆಯುತ್ತದೆ ಎಂದು 1912ರಲ್ಲಿ ಅಮೆರಿಕದ ಜಾನ್ ಚರ್ಚ್‌ಮನ್ ತೋರಿಸಿದರು. ಬೂಷ್ಟಿನ ಯೀಸ್ಟೂ ಈ ಬಣ್ಣವನ್ನು ಗಟ್ಟಿಯಾಗಿ ಹಿಡಿಯುತ್ತದೆ, ಅದರಿಂದ ಸಾಯುತ್ತದೆ ಕೂಡ. ಹಾಗಾಗಿ ಲ್ಯಾಬಿನ ಬಾಟಲಿ ವಾರ್ಡಿಗೂ ಹೋಯಿತು. ನನ್ನ ಹಿರಿಯ ಸಿಸ್ಟರುಗಳು ಹತ್ತಿಯಲ್ಲಿ ಅದ್ದಿ ಒಳಗೆ ಬಳಿದು ಕಳಿಸುತ್ತಿದ್ದರು. ಕೂಸಿನ ಬಾಯಿಯ ಅಗ್ರಕ್ಕೂ ಅದೇ. ವಾಸಿಯಾಗುತ್ತಿತ್ತು, ಆದರೆ ಲಂಗ, ಸೀರೆ, ಹಾಸಿಗೆ ಎಲ್ಲ ನೇರಳೆ. ಕೂಡುಕುಟುಂಬದಲ್ಲಿ ಬಟ್ಟೆ ಒಗೆಯಲು ಹಾಕಿದ ಕೂಡಲೇ ಮನೆಗೆಲ್ಲ ಸುದ್ದಿ. ಆ ಒಂದು ಕಾರಣಕ್ಕೆ ಎರಡನೇ ಸಲ ಬಾರದವರು ಎಷ್ಟೋ ಮಂದಿ.

ಬಟ್ಟೆಯ ಮಾತು ಬಂತಲ್ಲ, ಮಲೆನಾಡಿನ ಮಳೆಗಾಲವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಬಿಸಿಲು ಅಪರೂಪ. ಗಂಡಸರ ಪಂಚೆ, ಬನಿಯನ್ನು ಒಲೆಯ ಮೇಲಿನ ತಂತಿಗೆ ಹೋಗುತ್ತವೆ. ಹೆಂಗಸರ ಒಳಬಟ್ಟೆ, ಮುಟ್ಟಿನ ಬಟ್ಟೆ ಬಚ್ಚಲ ಮೂಲೆಯಲ್ಲಿ ಇನ್ನೊಂದು ಬಟ್ಟೆಯ ಅಡಿ ಕೂರುತ್ತವೆ. ಅರ್ಧ ಒಣಗಿದ್ದನ್ನೇ ಉಟ್ಟುಕೊಂಡು ಗದ್ದೆ ನೆಟ್ಟಿಗೆ ಇಳಿಯುವುದು. ತೊಡೆಸಂದಿನ ತುರಿಕೆಗೆ ಇನ್ನೇನು ಬೇಕು?

ಎರಡನೇ ಮಹಾಯುದ್ಧದ ಹೊತ್ತಿಗೆ ಪೆನಿಸಿಲಿನ್ ಬಂತು, ಹಿಂದೆಯೇ ಬೇರೆ ಆಂಟಿಬಯೋಟಿಕ್ಕುಗಳು. ಅವು ಬ್ಯಾಕ್ಟೀರಿಯಾಗಳನ್ನು ಕೊಲ್ಲುವಾಗ ಕಾವಲಿನ ಲ್ಯಾಕ್ಟೋಬ್ಯಾಸಿಲಸ್ಸುಗಳನ್ನೂ ಬಿಡಲಿಲ್ಲ. ಯೀಸ್ಟ್ ಮಾತ್ರ ಸಾಯಲಿಲ್ಲ, ಖಾಲಿ ಬಿದ್ದ ಜಾಗದಲ್ಲಿ ಅದರದೇ ಸಾಮ್ರಾಜ್ಯ. ಬೂಷ್ಟನ್ನು ಕೊಂದು ಮನುಷ್ಯರನ್ನು ಉಳಿಸುವ ಔಷಧ ಆಗ ಇರಲಿಲ್ಲ. ಬೂಷ್ಟಿನ ಜೀವಕೋಶ ನಮ್ಮ ಜೀವಕೋಶದ ಹತ್ತಿರದ ಸಂಬಂಧಿ, ಅದಕ್ಕೆ ವಿಷವಾದದ್ದು ನಮಗೂ ವಿಷ. ಈ ಗಂಟನ್ನು ಬಿಡಿಸಿದ್ದು ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯಲ್ಲಿ ಸಂಬಳಕ್ಕಿದ್ದ ಇಬ್ಬರು ಹೆಂಗಸರು. ಸರ್ಕಾರಿ ಲ್ಯಾಬಿನವಳಾದ ನನಗೆ ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಎಲಿಜಬೆತ್ ಲೀ ಹೇಜನ್ ಹುಟ್ಟಿದ್ದು 1885ರಲ್ಲಿ, ಮಿಸಿಸಿಪ್ಪಿಯ ರಿಚ್ ಎಂಬ ಸಣ್ಣ ಊರಿನಲ್ಲಿ. ಎಳವೆಯಲ್ಲೇ ತಂದೆತಾಯಿ ತೀರಿಕೊಂಡು ಸಂಬಂಧಿಕರ ಮನೆಯಲ್ಲಿ ಬೆಳೆದವರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದರು, ಮತ್ತೆ ಓದಿದರು, 1927ರಲ್ಲಿ, ನಲವತ್ತು ದಾಟಿದ ಮೇಲೆ, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದರು. 1931ರಲ್ಲಿ ಆರೋಗ್ಯ ಇಲಾಖೆಯ ನ್ಯೂಯಾರ್ಕ್ ನಗರದ ಲ್ಯಾಬಿಗೆ ಸೇರಿದರು. 1940ರ ದಶಕದ ನಡುವೆ ಬೂಷ್ಟಿನ ರೋಗಗಳನ್ನು ನೋಡಿಕೊಳ್ಳುವ ಕೆಲಸ ಇವರ ಪಾಲಿಗೆ ಬಂತು. ಇನ್ನೊಬ್ಬರು ರೇಚಲ್ ಫುಲ್ಲರ್ ಬ್ರೌನ್, ಹುಟ್ಟಿದ್ದು 1898, ರಸಾಯನಶಾಸ್ತ್ರಜ್ಞೆ. ಮನೆಯಲ್ಲಿ ದುಡ್ಡಿರಲಿಲ್ಲ, ಅಜ್ಜಿಯ ಸ್ನೇಹಿತೆಯೊಬ್ಬರು ಫೀಸು ಕಟ್ಟಿದ್ದರಿಂದ ಕಾಲೇಜು ಮುಗಿಯಿತು. ಶಿಕಾಗೋದಲ್ಲಿ ಪ್ರಬಂಧ ಬರೆದು ಕೊಟ್ಟಿದ್ದರೂ ಮೌಖಿಕ ಪರೀಕ್ಷೆ ತಡವಾಗಿ, ಕಾಯುತ್ತ ಕೂರಲು ಕಾಸಿಲ್ಲದೆ ಆಲ್ಬನಿಯ ಲ್ಯಾಬಿನ ಕೆಲಸಕ್ಕೆ ಬಂದರು. ಡಾಕ್ಟರೇಟ್ ಕೈಗೆ ಬಂದದ್ದು ಏಳು ವರ್ಷದ ಮೇಲೆ.

1948ರಲ್ಲಿ ಇಬ್ಬರೂ ಒಂದೇ ಕೆಲಸಕ್ಕೆ ಜೊತೆಯಾದರು. ಹೇಜನ್ ನ್ಯೂಯಾರ್ಕಿನಲ್ಲಿ, ಬ್ರೌನ್ ಸುಮಾರು 240 ಕಿಲೋಮೀಟರ್ ದೂರದ ಆಲ್ಬನಿಯಲ್ಲಿ. ನಡುವೆ ಅಂಚೆ ಇಲಾಖೆ. ಹೇಜನ್ ಅಲ್ಲಿಂದ ಇಲ್ಲಿಂದ ಮಣ್ಣು ತರಿಸುತ್ತಿದ್ದರು. ಮಣ್ಣಿನಲ್ಲಿರುವ ಸ್ಟ್ರೆಪ್ಟೊಮೈಸಿಸ್ ಜಾತಿಯ ಜೀವಿಗಳನ್ನು ಬೆಳೆಸಿ, ಎರಡು ರೋಗಕಾರಕ ಬೂಷ್ಟುಗಳ ಮೇಲೆ ಬಿಟ್ಟು ನೋಡುತ್ತಿದ್ದರು. ಒಂದು ನಮ್ಮ ಬಿಳಿಸೆರಗಿನ ಕ್ಯಾಂಡಿಡಾ ಅಲ್ಬಿಕಾನ್ಸ್, ಇನ್ನೊಂದು ಮಿದುಳಿಗೆ ಹೋಗುವ ಕ್ರಿಪ್ಟೋಕಾಕಸ್. ಏನಾದರೂ ಬೂಷ್ಟನ್ನು ತಡೆದಂತೆ ಕಂಡರೆ, ಆ ಕಲ್ಚರನ್ನು ಉಪ್ಪಿನಕಾಯಿ, ಜಾಮ್ ತುಂಬುವ ಗಾಜಿನ ಭರಣಿಗೆ ಹಾಕಿ ಆಲ್ಬನಿಗೆ ಅಂಚೆಯಲ್ಲಿ ಕಳಿಸುವುದು. ಬ್ರೌನ್ ಅದರಿಂದ ಕೆಲಸ ಮಾಡುವ ವಸ್ತುವನ್ನು ಸಾಲ್ವೆಂಟುಗಳಲ್ಲಿ ಎಳೆದು, ಶುದ್ಧ ಮಾಡಿ ಹಿಂದಕ್ಕೆ ಕಳಿಸುವುದು. ಹೇಜನ್ ಮತ್ತೆ ಬೂಷ್ಟಿನ ಮೇಲೆ, ಆಮೇಲೆ ಇಲಿಗಳ ಮೇಲೆ ಪರೀಕ್ಷೆ ಮಾಡುವುದು. ಬೂಷ್ಟು ಸತ್ತರೆ ಇಲಿಯೂ ಸಾಯುತ್ತಿತ್ತು. ಮತ್ತೆ ಹೊಸ ಮಣ್ಣು, ಹೊಸ ಭರಣಿ.

ಸಿಕ್ಕಿದ್ದು ವರ್ಜೀನಿಯಾದ ಫಾಕಿಯರ್ ಕೌಂಟಿಯಲ್ಲಿ, ನೂರ್ಸ್ ಎಂಬ ಸ್ನೇಹಿತರ ಹೈನುಗಾರಿಕೆಯ ಜಮೀನಿನಿಂದ ಹೇಜನ್ ತಂದ ಮಣ್ಣಿನಲ್ಲಿ. ದನ ಮೇಯುವ ನೆಲದ ಒಂದು ಹಿಡಿ. ಅದರೊಳಗಿನ ಜೀವಿಗೆ ಆ ಮನೆತನದ ಹೆಸರಿನಿಂದ ಸ್ಟ್ರೆಪ್ಟೊಮೈಸಿಸ್ ನೂರ್ಸಿ ಎಂದು ಹೆಸರಾಯಿತು. 1950ರಲ್ಲಿ ಇಬ್ಬರೂ ಸಂಶೋಧನೆಯನ್ನು ಪ್ರಕಟಿಸಿದರು. ಔಷಧಕ್ಕೆ ತಮ್ಮ ಹೆಸರನ್ನೇನೂ ಇಟ್ಟುಕೊಳ್ಳಲಿಲ್ಲ. ಸಂಬಳ ಕೊಟ್ಟ ನ್ಯೂಯಾರ್ಕ್ ಸ್ಟೇಟಿನ ಹೆಸರಿನಿಂದ ನಿಸ್ಟಾಟಿನ್ ಎಂದು ಕರೆದರು. 1954ರಲ್ಲಿ ಸ್ಕ್ವಿಬ್ ಕಂಪನಿ ಮಾತ್ರೆ ಮಾಡಿ ಮಾರಿತು. ಮನುಷ್ಯರ ಬೂಷ್ಟಿನ ರೋಗಕ್ಕೆ ಬಳಸಬಹುದಾದ, ತೀರಾ ವಿಷವಲ್ಲದ ಮೊದಲ ಆಂಟಿಬಯೋಟಿಕ್ ಅದೇ. ಅದು ಬೂಷ್ಟಿನ ಪೊರೆಯಲ್ಲಿರುವ ಎರ್ಗೊಸ್ಟೆರಾಲಿಗೆ ಅಂಟಿಕೊಂಡು ತೂತು ಮಾಡುತ್ತದೆ, ಒಳಗಿನದು ಸೋರಿ ಜೀವಕೋಶ ಸಾಯುತ್ತದೆ. ನಮ್ಮ ಪೊರೆಯಲ್ಲಿರುವುದು ಕೊಲೆಸ್ಟೆರಾಲ್. ಆ ಸಣ್ಣ ವ್ಯತ್ಯಾಸದಲ್ಲೇ ನಮ್ಮ ಬಚಾವು.

ಪೇಟೆಂಟಿನಿಂದ 1 ಕೋಟಿ 30 ಲಕ್ಷ ಡಾಲರಿಗೂ ಹೆಚ್ಚು ರಾಯಲ್ಟಿ ಬಂತು. ಇಬ್ಬರೂ ಒಂದು ಡಾಲರು ಮುಟ್ಟಲಿಲ್ಲ. ಎಲ್ಲವೂ ಸಂಶೋಧನೆಗೆ, ಅದರಲ್ಲೂ ದೊಡ್ಡ ಪಾಲು ತಮ್ಮ ಹೆಸರಿನ ಬ್ರೌನ್-ಹೇಜನ್ ನಿಧಿಯ ಮೂಲಕ ಬೂಷ್ಟಿನ ವಿಜ್ಞಾನ ಕಲಿಯುವವರಿಗೆ ಹೋಯಿತು. 1966ರ ಪ್ರವಾಹದಲ್ಲಿ ಫ್ಲಾರೆನ್ಸ್ ನಗರದ ಚಿತ್ರಗಳು ನೆನೆದು ಬೂಷ್ಟು ಹಿಡಿದಾಗ ಅದನ್ನು ತಡೆಯಲೂ ನಿಸ್ಟಾಟಿನ್ ಬಳಸಿದರು. ಅದನ್ನು ಓದಿದ ದಿನ ನಾನು ನಮ್ಮ ಹಜಾರದ ಗೋಡೆಯ ಬೂಷ್ಟನ್ನು ನೋಡಿ ನಿಟ್ಟುಸಿರು ಬಿಟ್ಟೆ, ಅಷ್ಟೇ.

ಅದಾದ ಮೇಲಿನ ಔಷಧಿಗಳ ಕಥೆ ಬೇಗ ಮುಗಿಯುತ್ತದೆ. 1960ರ ದಶಕದ ಕೊನೆಗೆ ಜರ್ಮನಿಯ ಬೇಯರ್ ಕಂಪನಿ ಕ್ಲೋಟ್ರಿಮಜೋಲ್ ತಂದಿತು. ಒಳಗಿಡುವ ಮಾತ್ರೆ, ಕ್ರೀಮ್ ಎಂದು ಇವತ್ತಿಗೂ ಬರೆದುಕೊಡುವುದು ಅದನ್ನೇ, ಬಸುರಿಯರಿಗೂ ಅದೇ. ನುಂಗುವ ಫ್ಲೂಕೋನಜೋಲ್ 150 ಮಿಲಿಗ್ರಾಂ, ಒಂದೇ ಸಲ, ಬಂದದ್ದು 90ರ ದಶಕದಲ್ಲಿ. ಬಸುರಿಯರು ಅದನ್ನು ನುಂಗಬಾರದು. ಟ್ರೈಕೋಮೊನಾಸಿಗೆ ಮದ್ದು ಸಿಕ್ಕಿದ್ದೂ ಮಣ್ಣಿನ ದಾರಿಯಲ್ಲೇ. 1953ರಲ್ಲಿ ಜಪಾನಿನವರು ಮಣ್ಣಿನ ಬ್ಯಾಕ್ಟೀರಿಯಾ ಒಂದರಿಂದ ಅಜೋಮೈಸಿನ್ ಎಂಬುದನ್ನು ತೆಗೆದರು, ಫ್ರಾನ್ಸಿನ ರೋನ್-ಪೂಲೆಂಕ್ ಕಂಪನಿಯವರು ಅದರ ಜಾಡು ಹಿಡಿದು ಮೆಟ್ರೊನಿಡಜೋಲ್ ಮಾಡಿದರು. ಭೇದಿಗೆ ಮನೆಮನೆಯಲ್ಲಿ ನುಂಗುವ ಫ್ಲಾಜಿಲ್ ಅದೇ. ಟ್ರೈಕೋಮೊನಾಸ್ ಮಾತ್ರ ಗಂಡಹೆಂಡಿರ ನಡುವೆ ದಾಟುವಂಥದ್ದು, ಗಂಡನೂ ನುಂಗದಿದ್ದರೆ ಹೆಂಡತಿಗೆ ಮತ್ತೆ ಬರುತ್ತದೆ. "ನಂಗೆ ಎಂತ ಆಗಿದೆ?" ಎಂದು ಗುಳಿಗೆ ವಾಪಸು ಕಳಿಸಿದ ಗಂಡಂದಿರ ಲೆಕ್ಕ ಇಡಲು ನನ್ನ ರಿಜಿಸ್ಟರಿನಲ್ಲಿ ಕಾಲಂ ಇರಲಿಲ್ಲ.

ಯೀಸ್ಟು, ಟ್ರೈಕೋಮೊನಾಸ್ ಅಲ್ಲದೆ ಮೂರನೆಯದೊಂದು ಇದೆ, ಆ ಎರಡಕ್ಕಿಂತ ಸಾಮಾನ್ಯ. ತುರಿಕೆ ಕಡಿಮೆ, ತೆಳ್ಳಗೆ ಬೂದುಬಣ್ಣ, ಮೀನಿನ ವಾಸನೆ. 1955ರಲ್ಲಿ ಅಮೆರಿಕದ ಹೂಸ್ಟನ್ನಿನ ಹರ್ಮನ್ ಗಾರ್ಡ್ನರ್ ಮತ್ತು ಚಾರ್ಲ್ಸ್ ಡ್ಯೂಕ್ಸ್ ಇದಕ್ಕೊಂದು ಗುರುತು ಹೇಳಿದರು. ಒಳಪದರದಿಂದ ಉದುರಿದ ಚಪ್ಪಟೆ ಜೀವಕೋಶದ ಮೇಲೆ ಸಣ್ಣ ಬ್ಯಾಕ್ಟೀರಿಯಾಗಳು ಅಂಚಿನವರೆಗೂ ಮೆತ್ತಿಕೊಂಡಿರುತ್ತವೆ, ರವೆಯಲ್ಲಿ ಹೊರಳಿಸಿ ಕಾವಲಿಗೆ ಹಾಕಲು ಇಟ್ಟ ಮೀನಿನ ತುಂಡಿನಂತೆ. ಅದಕ್ಕೆ ಕ್ಲೂ ಸೆಲ್ ಎಂದು ಹೆಸರಿಟ್ಟರು. ಒಮ್ಮೆ ಕಂಡವರು ಮರೆಯುವುದಿಲ್ಲ. ಅವರು ಹೆಸರಿಸಿದ ಬ್ಯಾಕ್ಟೀರಿಯಾಕ್ಕೆ ಈಗ ಗಾರ್ಡ್ನರೆಲ್ಲಾ ಎಂದೇ ಹೆಸರು. ಆದರೆ ಅವರು ಅದನ್ನು ಸಾಬೀತು ಮಾಡಲು ಹೋದ ದಾರಿ ನನಗೆ ಸಹಿಸದು: ಸೋಂಕಿರುವವರ ಸ್ರಾವವನ್ನು ಆರೋಗ್ಯವಂತ ಹೆಂಗಸರ ಒಳಗೆ ಇಟ್ಟು ಬರುತ್ತದೋ ಎಂದು ನೋಡಿದರು. ಹೆಚ್ಚಿನವರಿಗೆ ಬಂತು. ಶುದ್ಧ ಮಾಡಿದ ಬ್ಯಾಕ್ಟೀರಿಯಾ ಒಂದನ್ನೇ ಇಟ್ಟಾಗ ಹೆಚ್ಚುಕಡಿಮೆ ಯಾರಿಗೂ ಬರಲಿಲ್ಲ. ಅಂದರೆ ಇದು ಒಂದು ಜೀವಿಯ ಕೆಲಸವಲ್ಲ. ಲ್ಯಾಕ್ಟೋಬ್ಯಾಸಿಲಸ್ ಸೋತು ಹತ್ತಾರು ಜಾತಿಗಳು ಒಟ್ಟಿಗೆ ನುಗ್ಗಿದ ಸ್ಥಿತಿ. 1983ರಲ್ಲಿ ರಿಚರ್ಡ್ ಆಮ್ಸೆಲ್ ಮತ್ತು ಜೊತೆಗಾರರು ಪತ್ತೆಗೆ ನಾಲ್ಕು ಲಕ್ಷಣ ಹೇಳಿದರು: ತೆಳ್ಳಗಿನ ಸ್ರಾವ, 4.5 ದಾಟಿದ ಪಿಎಚ್, ಕೆಓಎಚ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್) ಹನಿ ಬಿದ್ದಾಗ ಮೀನಿನ ವಾಸನೆ, ಕ್ಲೂ ಸೆಲ್. ಮೂರಿದ್ದರೆ ಖಚಿತ. ಇದಕ್ಕೆ ಬೇಕಾದದ್ದು ಒಂದು ಚೂರು ಪಿಎಚ್ ಪೇಪರ್, ಒಂದು ಹನಿ ಕೆಓಎಚ್, ಒಂದು ಮೂಗು, ಒಂದು ಮೈಕ್ರೋಸ್ಕೋಪ್.

ನಮ್ಮ ದೇಶದ ಹಳ್ಳಿಗಳಲ್ಲಿ ಯಾರಾದರೂ ನೋಡಿದ್ದರೇ? ಮಹಾರಾಷ್ಟ್ರದ ಗಡ್‌ಚಿರೋಲಿಯಲ್ಲಿ ಡಾ. ರಾಣಿ ಬಂಗ್ ಮತ್ತು ಡಾ. ಅಭಯ್ ಬಂಗ್ ನೋಡಿದರು. ಎರಡು ಹಳ್ಳಿಗಳ 650 ಹೆಂಗಸರನ್ನು ಪರೀಕ್ಷಿಸಿ 1989ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ನೂರಕ್ಕೆ 92 ಮಂದಿಗೆ ಒಂದಲ್ಲ ಒಂದು ಸ್ತ್ರೀರೋಗ. ಹಿಂದೆ ಎಂದಾದರೂ ಅಂಥ ಪರೀಕ್ಷೆ ಮಾಡಿಸಿಕೊಂಡಿದ್ದವರು ನೂರಕ್ಕೆ 8. ಅಲ್ಲಿಯವರೆಗೆ ಹೆಂಗಸರ ಆರೋಗ್ಯ ಎಂದರೆ ಬಸಿರು, ಬಾಣಂತನ, ಆಪರೇಶನ್ ಎಂದುಕೊಂಡಿದ್ದ ಯೋಜನೆಗಳಿಗೆ ಆ ಎರಡು ಅಂಕಿಗಳು ತಟ್ಟಿದವು. ಕನ್ನಡದಲ್ಲಿ ಈ ವಿಷಯಗಳನ್ನು ಹೆಂಗಸರಿಗೇ ನೇರವಾಗಿ ಹೇಳುವ ಧೈರ್ಯ ಅದಕ್ಕೂ ಮೊದಲೇ ಮಾಡಿದವರು ಡಾ. ಅನುಪಮಾ ನಿರಂಜನ. ತೀರ್ಥಹಳ್ಳಿಯಲ್ಲಿ ಹುಟ್ಟಿದವರು, ಕಾದಂಬರಿಕಾರ್ತಿ, ವೃತ್ತಿಯಿಂದ ವೈದ್ಯೆ. ಅವರ 'ದಾಂಪತ್ಯ ದೀಪಿಕೆ' ಪುಸ್ತಕಕ್ಕೆ ಕ್ಯಾಲೆಂಡರಿನ ಹಾಳೆಯ ಹೊದಿಕೆ ಹಾಕಿ, ಮೇಲೆ ಬೇರೆ ಹೆಸರು ಬರೆದು ನಮ್ಮ ಹಾಸ್ಟೆಲಿನಲ್ಲಿ ಓದುತ್ತಿದ್ದೆವು.

ಸ್ಲೈಡು ನೋಡುವುದರಿಂದ ಇನ್ನೊಂದು ಗೊತ್ತಾಗುತ್ತದೆ. ಎಷ್ಟೋ ಸ್ಲೈಡಿನಲ್ಲಿ ಏನೂ ಇರುವುದಿಲ್ಲ. ಕೀವಿಲ್ಲ, ಯೀಸ್ಟಿಲ್ಲ, ಕ್ಲೂ ಸೆಲ್ಲಿಲ್ಲ, ತುಂಬು ಲ್ಯಾಕ್ಟೋಬ್ಯಾಸಿಲಸ್. ಆದರೂ ಅವಳು ಸುಸ್ತು, ಸೊಂಟನೋವು, ಬಿಳಿ ಎಂದು ಬರುತ್ತಲೇ ಇರುತ್ತಾಳೆ. ಗೋವಾದಲ್ಲಿ ವಿಕ್ರಂ ಪಟೇಲ್ ಮತ್ತು ತಂಡದವರು 2,494 ಹೆಂಗಸರ ಮೇಲೆ ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಿಳಿ ಹೋಗುವ ದೂರಿಗೂ ಸೋಂಕಿಗೂ ಇದ್ದ ನಂಟಿಗಿಂತ, ಆ ದೂರಿಗೂ ಮನಸ್ಸಿನ ಬೇಗೆಗೂ ಇದ್ದ ನಂಟು ಗಟ್ಟಿಯಾಗಿತ್ತು. ನನಗೆ ಆಶ್ಚರ್ಯವಾಗಲಿಲ್ಲ. ಗಂಡನ ಕುಡಿತವನ್ನು ಓಪಿಡಿ ಚೀಟಿಯಲ್ಲಿ ಬರೆಸಲು ಬರುವುದಿಲ್ಲ, ಬಿಳಿಯನ್ನು ಬರೆಸಬಹುದು. ಅವಳಿಗೆ ಮೆಟ್ರೊನಿಡಜೋಲ್ ಕೊಟ್ಟರೆ ಬಾಯಿ ಕಹಿಯಾಗುತ್ತದೆ, ವಾಂತಿ ಬರುತ್ತದೆ, ಬೇಗೆ ಹಾಗೇ ಇರುತ್ತದೆ. ಇನ್ನು ಪದೇಪದೇ ಯೀಸ್ಟೇ ಕಾಣುತ್ತಿದ್ದರೆ ಮೂತ್ರ, ರಕ್ತದ ಸಕ್ಕರೆ ನೋಡಲೇಬೇಕು. ತುರಿಕೆ ಎಂದು ಬಂದು ಸಕ್ಕರೆ ಕಾಯಿಲೆ ತಿಳಿದುಕೊಂಡು ಹೋದವರು ನಮ್ಮಲ್ಲಿ ಕಡಿಮೆಯೇನಲ್ಲ.

ನೋಡುವ ಕೆಲಸಕ್ಕೆ ತೆರೆ ಬಿದ್ದದ್ದು ಒಳ್ಳೆಯ ಉದ್ದೇಶದಿಂದಲೇ. ಲ್ಯಾಬಿಲ್ಲದ ಊರುಗಳಲ್ಲಿ ರಿಪೋರ್ಟಿಗೆ ಕಾಯುವುದು ಬೇಡ, ಲಕ್ಷಣ ನೋಡಿ ಎಲ್ಲಕ್ಕೂ ಒಟ್ಟಿಗೆ ಮದ್ದು ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 90ರ ದಶಕದಲ್ಲಿ ಹೇಳಿತು. ನಮ್ಮಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ನ್ಯಾಕೋ, ಬಣ್ಣಬಣ್ಣದ ಕಿಟ್ ಮಾಡಿತು. ಬಿಳಿಸೆರಗಿಗೆ ಹಸಿರು ಕಿಟ್: ಸೆಕ್ನಿಡಜೋಲ್ 2 ಗ್ರಾಂ, ಫ್ಲೂಕೋನಜೋಲ್ 150 ಮಿಲಿಗ್ರಾಂ. ಟ್ರೈಕೋಮೊನಾಸ್, ಕ್ಲೂ ಸೆಲ್ಲಿನದು, ಯೀಸ್ಟು ಮೂರಕ್ಕೂ ಒಂದೇ ಪೊಟ್ಟಣದಲ್ಲಿ ಉತ್ತರ. ಘಟ್ಟದ ಮೇಲಿನ ಸಬ್‌ಸೆಂಟರಿನಲ್ಲಿ, ಬಸ್ಸು ದಿನಕ್ಕೆ ಒಂದೇ ಬರುವ ಕಡೆ, ಇದಕ್ಕಿಂತ ವಿವೇಕದ ಉಪಾಯ ಇಲ್ಲ; ಅದನ್ನು ನಾನು ಹಳಿಯುವುದಿಲ್ಲ. ಆದರೆ ಮೈಕ್ರೋಸ್ಕೋಪು ಇರುವ ಆಸ್ಪತ್ರೆಯಲ್ಲೂ ಹಸಿರು ಪೊಟ್ಟಣವೇ ಉತ್ತರವಾದಾಗ ಚೀಟಿಗಳು ನನ್ನ ಮೇಜಿಗೆ ಬರುವುದೇ ನಿಂತವು. ಪೊಟ್ಟಣದಿಂದ ವಾಸಿಯಾಗದವಳು ಮೆಡಿಕಲ್ ಶಾಪಿಗೆ ಹೋಗಿ ಸ್ಟಿರಾಯ್ಡ್ ಬೆರೆಸಿದ ಕ್ರೀಮ್ ತಂದು ಹಚ್ಚಿಕೊಂಡಳು. ಮೊದಲ ವಾರ ತಂಪು, ಆಮೇಲೆ ಇನ್ನೂ ಹರಡಿದ ಬೂಷ್ಟು.

ಮೈಕ್ರೋಸ್ಕೋಪು ಎಲ್ಲವನ್ನೂ ಹಿಡಿಯುತ್ತದೆ ಎಂದು ನಾನು ಹೇಳುತ್ತಿಲ್ಲ. ಟ್ರೈಕೋಮೊನಾಸ್ ಇದ್ದವರಲ್ಲೂ ಸಲೈನ್ ಹನಿಯಲ್ಲಿ ಮೂರಕ್ಕೊಂದು, ಕೆಲವೊಮ್ಮೆ ಅರ್ಧಕ್ಕರ್ಧ ತಪ್ಪಿಹೋಗುತ್ತದೆ. ಗರ್ಭಕೋಶದ ಬಾಯಿಯ ಸೋಂಕುಗಳಿಗೆ ಬೇರೆ ಪರೀಕ್ಷೆಯೇ ಬೇಕು. ಕೆಳಹೊಟ್ಟೆ ನೋವು, ಜ್ವರ, ರಕ್ತ ಕಂಡರೆ ಸ್ಲೈಡಿಗೆ ಕಾಯದೆ ಡಾಕ್ಟರು ನೋಡಬೇಕು. ಆದರೂ ಹತ್ತು ನಿಮಿಷದ ಕೆಲಸ, ಖರ್ಚು ಒಂದು ಟೀಗಿಂತ ಕಡಿಮೆ.

ಹೋದ ಮಳೆಗಾಲ ಪಕ್ಕದ ತಾಲ್ಲೂಕಿನ ಹೊಸ ಟೆಕ್ನಿಶಿಯನ್ ಹುಡುಗಿ ಫೋನು ಮಾಡಿದಳು. ಅವಳ ಇಂಡೆಂಟ್ ಪಟ್ಟಿಯಲ್ಲಿ ಕೆಓಎಚ್ ಇಲ್ಲ, ಕೇಳಿದರೆ ಅದು ಎಂತಕ್ಕೆ ಅಂದರಂತೆ. "ಪಟ್ಟಿಯ ಕೆಳಗೆ ಕೈಯಲ್ಲೇ ಬರಿ" ಅಂದೆ. "500 ಗ್ರಾಮಿನ ಒಂದು ಡಬ್ಬಿ ತರಿಸು, ವರ್ಷಗಟ್ಟಲೆ ಆಗ್ತದೆ. ನೂರು ಎಂ.ಎಲ್. ಡಿಸ್ಟಿಲ್ಡ್ ವಾಟರಿಗೆ ಹತ್ತು ಗ್ರಾಂ ಬಿಲ್ಲೆ. ನೀರಿಗೆ ಬಿಲ್ಲೆ ಹಾಕ್ಬೇಕು, ಬಿಲ್ಲೆ ಮೇಲೆ ನೀರು ಹೊಯ್ಬೇಡ. ಬಿಸಿಯಾಗ್ತದೆ, ಗ್ಲೌಸ್ ಹಾಕ್ಕೋ. ಗಾಜಿನ ಬಿರಡೆಯ ಬಾಟಲಿ ಬೇಡ, ಬಿರಡೆ ಕಚ್ಕೊಂಡ್ಬಿಡ್ತದೆ, ಪ್ಲಾಸ್ಟಿಕ್ಕಿನದ್ದು ತಗೋ."

"ಮಾಡಿಟ್ಟೆ ಅಂತಿಟ್ಕೊಳ್ಳಿ ಮೇಡಂ, ಡಾಕ್ಟರು ಚೀಟಿಯೇ ಬರೀದಿದ್ರೆ?"

"ಒಂದು ಒಳ್ಳೆ ಸ್ಲೈಡ್ ಸಿಕ್ಕಿದ ದಿನ ಫೋಕಸ್ ಮಾಡಿಟ್ಟು, ಓಪಿಡಿಗೆ ಹೋಗಿ ಅವರನ್ನೇ ಕರ್ಕೊಂಡು ಬಂದು ತೋರ್ಸು" ಅಂದೆ.